ನಲವತ್ತೈದು ಅಂದರೆ ನಲವತ್ತೈದು ಏನು?

ಅರಸೀಕೆರೆ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಬರೀ ಅಂಕಿ ಹೇಳಿ ಸುಮ್ಮನೆ ನಿಂತುಬಿಡುವ ಗಿರಾಕಿ ಅಲ್ಲಿಗೆ ದಿನಕ್ಕೊಬ್ಬರಾದರೂ ಬಂದೇ ಬರುತ್ತಾರೆ. ಬರದ ದಿನ ಅಂಗಡಿಗೆ ರಜೆ ಇರುತ್ತದೆ. "ಆರು ಕೊಡಿ" ಅನ್ನುತ್ತಾರೆ. ಆರು ಅಡಿ ಪೈಪೋ, ಆರು ಮೀಟರ್ ವೈರೋ, ಆರು ಕೆಜಿ ಮೊಳೆಯೋ ಅಂತ ವಿಚಾರಿಸಿದರೆ, "ಮೊನ್ನೆ ನಮ್ಮಣ್ಣ ತಗೊಂಡು ಹೋದ್ನಲ್ಲ, ಅದೇ ಆರು" ಅನ್ನುತ್ತಾರೆ.

ಇದರಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಯಾರು ಯಾವ ಅಂಕಿ ಹೇಳಿದರೂ ನನ್ನ ಬಾಯಿಂದ ಮೊದಲು ಹೊರಡುವ ಮಾತು "ಏನು?" ಅಂತ. ನನಗೆ ಕಿವಿ ಮಂದ ಎಂದು ಪೇಟೆಯಲ್ಲಿ ಸುಮಾರು ಜನ ನಂಬಿದ್ದಾರೆ. ಪಾಪ, ಅವರು ಎರಡನೇ ಸಲ ಇನ್ನೂ ಜೋರಾಗಿ "ಆರೂ!" ಎಂದು ಕೂಗುತ್ತಾರೆ.

ದೇವರ ಗಾಜು

ಕಣಕಟ್ಟೆ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಒಂದು ಬೆಳಗ್ಗೆ ಬಂದರು. ಮನೆದೇವರ ಫೋಟೋದ ಗಾಜು ಒಡೆದುಹೋಗಿತ್ತಂತೆ. ಒಡೆದ ಗಾಜಿನ ಹಿಂದೆ ದೇವರನ್ನು ಕೂರಿಸಬಾರದು ಎಂದು ಮನೆಯಲ್ಲಿ ಹೆಂಗಸರು ಎರಡು ದಿನದಿಂದ ಹಟ ಹಿಡಿದಿದ್ದರಂತೆ.

"ಗಾಜು ಬೇಕು ಕಣ್ರೀ. ನಲವತ್ತೈದು, ಮೂವತ್ತು," ಅಂದರು.

"ನಲವತ್ತೈದು ಏನು?"

"ನಲವತ್ತೈದು ಉದ್ದ, ಮೂವತ್ತು ಅಗಲ."

"ಅಲ್ಲ ಸ್ವಾಮಿ, ಇಂಚೋ, ಸೆಂಟಿಮೀಟರೋ?"

ಅವರಿಗೆ ಸ್ವಲ್ಪ ಬೇಜಾರಾಯಿತು. "ಇಂಚೇ ರೀ. ಇಂಚು ಟೇಪಲ್ಲೇ ಅಳೆದಿದೀನಿ. ನಮ್ಮನೇಲಿ ಬೇರೆ ಟೇಪೇ ಇಲ್ಲ."

ನಲವತ್ತೈದು ಇಂಚು ಅಂದರೆ ಹತ್ತಿರ ಹತ್ತಿರ ನಾಲ್ಕು ಅಡಿ. ದೊಡ್ಡ ಮನೆತನ, ದೇವರೂ ದೊಡ್ಡದಾಗಿಯೇ ಇರಬಹುದು ಅಂದುಕೊಂಡೆ. ಗಾಜು ಕತ್ತರಿಸಿ, ಅಂಚಿಗೆಲ್ಲ ರಟ್ಟು ಸುತ್ತಿ ಕೊಟ್ಟೆ. ಅವರು ಅದನ್ನು ಬಗಲಲ್ಲಿ ಹಿಡಿಯಲು ನೋಡಿದರು, ಆಗಲಿಲ್ಲ. ಎರಡೂ ಕೈಯಲ್ಲಿ ಎದುರಿಗೆ ಹಿಡಿದುಕೊಂಡು, ಗಾಜಿನೊಳಗಿಂದಲೇ ದಾರಿ ನೋಡುತ್ತಾ ಬಸ್ಸಿಗೆ ಹೋದರು.

ಬಸ್ಸಿನಲ್ಲಿ ನಡೆದದ್ದನ್ನು ಅದೇ ಬಸ್ಸಿನಲ್ಲಿದ್ದ ನನ್ನ ಪರಿಚಯದವರು ಹೇಳಿದರು. ಯಜಮಾನರು ಸೀಟಿನಲ್ಲಿ ಕೂತು ಗಾಜನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಿದ್ದರಂತೆ. ಕಂಡಕ್ಟರ್ ಈ ಕಡೆ, ಅವರು ಆ ಕಡೆ. ಕಂಡಕ್ಟರ್ ಬಗ್ಗಿ, ಗಾಜಿನ ಪಕ್ಕದಿಂದ ಕೈ ತೂರಿಸಿ ಟಿಕೆಟ್ ಕೊಟ್ಟು, "ಯಜಮಾನ್ರೇ, ಇದೇನು ಬ್ಯಾಂಕ್ ಕೌಂಟರಾ?" ಅಂದನಂತೆ.

ಮನೆಗೆ ಹೋಗಿ ಫೋಟೋದ ಪಕ್ಕ ಗಾಜನ್ನು ಇಟ್ಟಾಗ ವಿಷಯ ಗೊತ್ತಾಗಿದೆ. ಟೇಪಿನ ಒಂದು ಅಂಚಿನಲ್ಲಿ ಇಂಚು ಇರುತ್ತದೆ, ಇನ್ನೊಂದು ಅಂಚಿನಲ್ಲಿ ಸೆಂಟಿಮೀಟರ್ ಇರುತ್ತದೆ. ಇವರು ಓದಿದ್ದು ಸೆಂಟಿಮೀಟರಿನ ಅಂಚನ್ನು. ಫೋಟೋ ಇದ್ದದ್ದು ಒಂದೂವರೆ ಅಡಿ. ದೇವರು ಗಾಜಿನ ಒಂದು ಮೂಲೆಯಲ್ಲಿ ಕೂತಿದ್ದ. ಉಳಿದ ಜಾಗದಲ್ಲಿ ಇನ್ನೂ ಐದು ದೇವರು ಕೂರಬಹುದಿತ್ತು.

ವಾರ ಕಳೆದು ಅವರು ಮತ್ತೆ ಅಂಗಡಿಗೆ ಬಂದರು. ಗಾಜು ವಾಪಸ್ ತರುತ್ತಾರೆ, ಜಗಳವಾಗುತ್ತದೆ ಎಂದು ನಾನು ಸಿದ್ಧನಾಗಿ ಕೂತೆ. ಕೈ ಖಾಲಿ ಇತ್ತು.

"ಗಾಜು ಚೆನ್ನಾಗೈತೆ ಕಣ್ರೀ. ಮನೇಲಿ ಎಲ್ರೂ ಒಪ್ಪಿದಾರೆ," ಅಂದರು. "ಈಗ ಅದಕ್ಕೆ ಹೊಂದೋ ಅಷ್ಟು ದೊಡ್ಡ ದೇವ್ರು ಎಲ್ಲಿ ಸಿಗ್ತಾನೆ, ಅದನ್ನ ಹೇಳಿ."

ಒಂಬತ್ತು ಮಾರು

ಮಾದಿಹಳ್ಳಿಯಿಂದ ಒಬ್ಬ ರೈತ ಬಾವಿಗೆ ಹಗ್ಗ ಬೇಕೆಂದು ಬಂದ. ಕರೆಂಟು ಕೈಕೊಟ್ಟಾಗ ಸೇದಲು ಹಳೆಯ ಬಾವಿಯೇ ಗತಿ, ಇದ್ದ ಹಗ್ಗ ಕೊಳೆತು ಕೊಡ ಬಾವಿಗೆ ಬಿದ್ದಿದೆ ಅಂದ.

"ಎಷ್ಟು ಮೀಟರ್ ಬೇಕು?"

"ಮೀಟ್ರು ಗೀಟ್ರು ನನಗೆ ಗೊತ್ತಾಗಲ್ಲ. ಒಂಬತ್ತು ಮಾರು ಕೊಡಿ. ಸರಿಯಾಗಿ ಅಳತೆ ಮಾಡ್ಕೊಂಡೇ ಬಂದಿದೀನಿ."

ಅದೇನು ಕಷ್ಟ! ಎರಡೂ ಕೈ ಅಗಲಿಸಿ ಹಿಡಿದರೆ ಒಂದು ಮಾರು. ನಾನು ಎದ್ದು ನಿಂತು, ಕೈ ಚಾಚಿ, ಅವನ ಎದುರಿಗೇ ಒಂದು, ಎರಡು ಎಂದು ಎಣಿಸಿ ಒಂಬತ್ತು ಮಾರು ಎಳೆದೆ. ಅವನಿಗೆ ಖುಷಿಯಾಗಲೆಂದು ಮೇಲೊಂದು ಗೇಣು ಬಿಟ್ಟೇ ಕತ್ತರಿಸಿದೆ. ಅವನೂ ಖುಷಿಯಾಗಿಯೇ ಹೋದ.

ಎರಡನೇ ದಿನ ಫೋನ್ ಬಂತು.

"ಏನ್ರೀ, ಹಗ್ಗ ಕಮ್ಮಿ ಕೊಟ್ಟಿದೀರ!"

"ನಿಮ್ಮೆದುರಿಗೇ ಅಳೆದೆನಲ್ಲಪ್ಪಾ?"

"ಅಳೆದ್ರಿ. ಆದ್ರೆ ಕೊಡ ನೀರಿಗೆ ಮುಟ್ತಾ ಇಲ್ಲ. ಒಬ್ಬ ಎತ್ತರದ ಮನುಷ್ಯ ಕೈ ಮೇಲೆತ್ತಿ ನಿಂತ್ರೆ ಎಷ್ಟಾಗ್ತದೋ, ಅಷ್ಟು ಮೇಲೆ ತೂಗಾಡ್ತೈತೆ. ನಮ್ಮ ಹೆಂಗಸರು ಬಾವಿ ಕಟ್ಟೆ ಮೇಲೆ ನಿಂತು ನಗ್ತಾ ಅವ್ರೆ."

ನನಗೂ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಒಂದು ಗೇಣು ಹಗ್ಗ ಯಾರಿಗೂ ಕಡಿಮೆ ಕೊಟ್ಟವನಲ್ಲ. ಜೋರು ಮಾಡಿ ಕೇಳಿದೆ. "ಬಾವೀನ ಅಳೆದೋರು ಯಾರು?"

"ನಮ್ಮ ಭಾವಮೈದ."

"ಅವನು ಎತ್ತರ ಎಷ್ಟಿದಾನೆ?"

"ಅವನು... ಎಳನೀರು ಕೀಳೋಕೆ ಗಿಡ್ಡ ಮರಕ್ಕೆಲ್ಲ ಹತ್ತಲ್ಲ. ನಿಂತೇ ಕೀಳ್ತಾನೆ."

ನನ್ನ ಎತ್ತರದ ವಿಚಾರ ಇಲ್ಲಿ ಬೇಡ. ನನ್ನ ಮಾರಿಗೂ ಅವನ ಭಾವಮೈದನ ಮಾರಿಗೂ ಸುಮಾರು ಒಂದು ಅಡಿ ವ್ಯತ್ಯಾಸ ಬಂದಿದೆ. ಒಂಬತ್ತು ಸಲ ಎಳೆದಾಗ ಅದು ಒಂಬತ್ತು ಅಡಿಯಾಗಿದೆ. ಬಾವಿಯ ತಪ್ಪಿಲ್ಲ, ಹಗ್ಗದ ತಪ್ಪೂ ಇಲ್ಲ.

"ಮೀಟರ್‌ನಲ್ಲಿ ಅಳೆದು ಬನ್ನಿ, ಇಲ್ಲಾ ಆ ಹಳೇ ಹಗ್ಗಾನಾದ್ರೂ ತನ್ನಿ," ಅಂದೆ.

ಮಾರನೆಯ ದಿನ ಅವನು ಬಂದ. ಹಿಂದೆಯೇ ನಮ್ಮ ಶೆಟರಿಗೆ ತಲೆ ತಾಗದಂತೆ ಬಗ್ಗಿಕೊಂಡು ಇನ್ನೊಬ್ಬ ಒಳಗೆ ಬಂದ. ರೈತ ಹೆಮ್ಮೆಯಿಂದ ಹೇಳಿದ:

"ಹಳೇ ಹಗ್ಗ ಬಾವಿಯೊಳಗೆ ಹೋಗ್ಬಿಟ್ಟೈತೆ ಸ್ವಾಮಿ. ಅದಕ್ಕೇ ಅಳತೆ ಟೇಪನ್ನೇ ಬಸ್ಸಲ್ಲಿ ಕೂರಿಸ್ಕೊಂಡು ಬಂದೆ."

ಒಂದಕ್ಕೆ ಆರು

ಹಳೇಬೀಡಿನಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ, ನಿವೃತ್ತ ಗುಮಾಸ್ತರು. ಬಸ್ತಿಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆ. ನಿವೃತ್ತಿಯಾದ ಮೇಲೆ ಓದಲು ಬರೆಯಲು ಪಕ್ಕದಲ್ಲಿ ಒಂದು ಸಣ್ಣ ಕೋಣೆ ಕಟ್ಟಿಸಿದರು. ಕೋಣೆ ಅವರ ಬಹಳ ದಿನದ ಆಸೆ. ಗೋಡೆ ಎದ್ದಿತ್ತು, ಗಾರೆಯ ಕೆಲಸ ಬಾಕಿ ಇತ್ತು.

ಗಾರೆ ಹಾಕಬೇಕಾದ ದಿನ ಮೇಸ್ತ್ರಿ ಬೇಲೂರಿನಲ್ಲಿ ಬಸ್ ತಪ್ಪಿಸಿಕೊಂಡ. ಅಲ್ಲಿಂದಲೇ ಫೋನ್ ಮಾಡಿ, "ಸಾರ್, ನಾನು ಬರೋ ಅಷ್ಟರಲ್ಲಿ ಸಿಮೆಂಟು ಮರಳು ಕಲಸಿಟ್ಟಿರಿ. ಒಂದಕ್ಕೆ ಆರು," ಅಂದ.

ಗೆಳೆಯರು ಕಚೇರಿಯ ಮನುಷ್ಯ. ಆದೇಶ ಬಂದಮೇಲೆ ಪ್ರಶ್ನೆ ಕೇಳಿದವರಲ್ಲ. ಮೂಲೆಯಲ್ಲಿ ಸಿಮೆಂಟ್ ಮೂಟೆ ಇತ್ತು, ಮರಳಿನ ಗುಡ್ಡೆಯ ಮೇಲೆ ಕಬ್ಬಿಣದ ಬಾಂಡ್ಲಿ ಇತ್ತು. ಒಂದು ಮೂಟೆ ಸಿಮೆಂಟು ಸುರಿದರು. ಆರು ಬಾಂಡ್ಲಿ ಮರಳು ಹಾಕಿದರು. ಗಂಡ ಹೆಂಡತಿ ಸೇರಿ ಬೆವರು ಸುರಿಸಿ ಕಲಸಿದರು. ಮೇಸ್ತ್ರಿ ಬಂದವನು, "ಏನ್ ಸಾರ್, ಬಣ್ಣ ಇಷ್ಟು ಕಪ್ಪಗೈತೆ?" ಅಂದನಂತೆ. ಇವರು, "ಸಿಮೆಂಟು ಒಳ್ಳೇದು, ಅರಸೀಕೆರೆಯಿಂದ ತರಿಸಿದ್ದು," ಅಂದರಂತೆ. ತಡವಾಗಿತ್ತು, ಮೇಸ್ತ್ರಿ ಹೆಚ್ಚು ಮಾತಾಡದೆ ಗೋಡೆಗೆ ಬಳಿದ. ಮಾರನೆಯ ದಿನವೂ ಅದೇ ಲೆಕ್ಕ.

ತಿಂಗಳಾದ ಮೇಲೆ ನನಗೆ ಫೋನ್ ಬಂತು. ದನಿಯಲ್ಲಿ ಸ್ನೇಹ ಇರಲಿಲ್ಲ.

"ನೀವು ಕೊಟ್ಟ ಮೊಳೆ ಸರಿಯಿಲ್ಲ."

"ಏನಾಯ್ತು?"

"ಕ್ಯಾಲೆಂಡರ್ ಹಾಕೋಣ ಅಂತ ಹೊಡೆದ್ರೆ ಬಗ್ಗಿ ಹೋಗ್ತಿದೆ. ಹನ್ನೊಂದು ಮೊಳೆ ಆಯ್ತು."

ಒಂದು ಭಾನುವಾರ ಗಟ್ಟಿ ಮೊಳೆ ತೆಗೆದುಕೊಂಡು ನಾನೇ ಹೋದೆ. ನೆಲದ ಮೇಲೆ ಮೊಳೆಗಳು ಸೀಗಡಿಯ ಹಾಗೆ ಸುರುಳಿಯಾಗಿ ಬಿದ್ದಿದ್ದವು. ನಾನು ಹೊಡೆದೆ, ನನ್ನದೂ ಬಗ್ಗಿತು. ಡ್ರಿಲ್ ಹಾಕಿದೆ, ಅದರ ಕೊರೆಯುವ ಮೂತಿಯೇ ಮುರಿಯಿತು. ಗೋಡೆಗೆ ಒಂದು ಚುಕ್ಕೆಯೂ ಬೀಳಲಿಲ್ಲ. ಆಮೇಲೆ ಗಾರೆ ಕಲಸಿದ್ದು ಹೇಗೆ ಅಂತ ಕೇಳಿದಾಗ ಕಥೆ ಹೊರಗೆ ಬಂತು.

"ಒಂದಕ್ಕೆ ಆರು ಅಂದ್ರೆ ಒಂದು ಬಾಂಡ್ಲಿ ಸಿಮೆಂಟಿಗೆ ಆರು ಬಾಂಡ್ಲಿ ಮರಳು," ಅಂದೆ. "ಒಂದಕ್ಕೆ ಮೂಟೆ ಅಳತೆ, ಆರಕ್ಕೆ ಬಾಂಡ್ಲಿ ಅಳತೆ ಆದ್ರೆ ಗೋಡೆ ಕಲ್ಲಾಗದೆ ಇನ್ನೇನು?"

"ಅವನು ಬಾಂಡ್ಲಿ ಅಂತ ಹೇಳ್ಲೇ ಇಲ್ಲ," ಅಂದರು ಗೆಳೆಯರು. "ಫೋನ್ ಕಾಲ್ ಆಯ್ತು, ಬರವಣಿಗೇಲಿ ಕೊಡಬೇಕಿತ್ತು."

ಕಾಫಿ ತಂದ ಅವರ ಹೆಂಡತಿ ಗೋಡೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಇಲ್ಲಿಂದ ಕೂಗಳತೆಯಲ್ಲಿ ದೇವಸ್ಥಾನ ಇದೆ. ಅಲ್ಲಿ ಕಲ್ಲಿನ ಮೇಲೆ ಆನೆ, ಕುದುರೆ, ಬಳ್ಳಿ, ಮಂಟಪ ಎಲ್ಲಾ ಕೆತ್ತಿದಾರೆ. ನಮ್ಮನೇಲಿ ಇವರಿಗೆ ಒಂದು ಮೊಳೆ ಹೊಡೆಯೋಕಾಗ್ಲಿಲ್ಲ."

ಮೂವತ್ತಾರಕ್ಕೆ ಇಳಿದ ಮನುಷ್ಯ

ನಮ್ಮ ಪಕ್ಕದ ಮನೆಯವರು ಮೂರು ದಿನ ಜ್ವರದಲ್ಲಿ ಮಲಗಿದ್ದರು. ಅವರ ಹೆಂಡತಿ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ನೋಡಿ ಒಂದು ಚೀಟಿಯಲ್ಲಿ ಬರೆಯುತ್ತಿದ್ದರು. ನೂರಾ ಒಂದು, ನೂರಾ ಎರಡು, ಮತ್ತೆ ನೂರಾ ಒಂದು. ನಾಲ್ಕನೇ ದಿನ ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಿದ್ದಾಗ ಗೋಡೆಯಾಚೆಯಿಂದ ಆಕೆಯ ಕೂಗು ಕೇಳಿತು. ಅನ್ನ ಬಿಟ್ಟು ಓಡಿದೆ.

"ನೋಡಿ, ನೋಡಿ! ನಿನ್ನೆ ನೂರಾ ಎರಡು ಇತ್ತು. ಇವತ್ತು ಮೂವತ್ತಾರಕ್ಕೆ ಇಳಿದಿದೆ!"

ಮನುಷ್ಯ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಅವರ ಮೇಲೆ ಆಗಲೇ ಎರಡು ಕಂಬಳಿ ಮತ್ತು ಒಂದು ರಗ್ಗು ಬಿದ್ದಿದ್ದವು. ಎದುರು ಮನೆಯ ಅಜ್ಜಿ ಒಂದು ಪಾದ ಹಿಡಿದು ಉಜ್ಜುತ್ತಿದ್ದರು, ಅಜ್ಜಿಯ ಸೊಸೆ ಇನ್ನೊಂದು ಪಾದ ಹಿಡಿದಿದ್ದಳು. ಬಿಸಿನೀರಿನ ಬ್ಯಾಗು ಹೊಟ್ಟೆಯ ಮೇಲಿತ್ತು. ಬೇಲೂರಿನಲ್ಲಿದ್ದ ಅಣ್ಣನಿಗೆ ಫೋನ್ ಹೋಗಿಯಾಗಿತ್ತು. ಅವರು ಸಿಕ್ಕ ಬಸ್ಸು ಹತ್ತಿದ್ದರು.

ನಾನು ಹೆದರಿಕೊಂಡೇ ಹಣೆ ಮುಟ್ಟಿದೆ. ಬೆವರು ಧಾರಾಕಾರವಾಗಿ ಹರಿಯುತ್ತಿತ್ತು. ಮುಟ್ಟಿದ್ದಕ್ಕೆ ಅವರು ಒಂದು ಕಣ್ಣು ಬಿಟ್ಟರು.

"ಜ್ವರ ಬಿಟ್ಟು ಈಗ ತಾನೇ ಒಳ್ಳೇ ನಿದ್ದೆ ಹತ್ತಿತ್ತು," ಅಂದರು. "ಇವರೆಲ್ಲಾ ಯಾಕೆ ನನ್ನ ಕಾಲು ಹಿಡ್ಕೊಂಡಿದಾರೆ?"

ಥರ್ಮಾಮೀಟರ್ ಇಸಿದುಕೊಂಡು ನೋಡಿದೆ. ಅಂಕಿಯ ಪಕ್ಕದಲ್ಲಿ ಇರುವೆಯಷ್ಟು ಸಣ್ಣದಾಗಿ 'ಸಿ' ಅಕ್ಷರ ಇತ್ತು. ಬೆಳಗ್ಗೆ ಬ್ಯಾಟರಿ ಬದಲಿಸುವಾಗ ಹಿಂದಿನ ಗುಂಡಿ ಒತ್ತಿಹೋಗಿ ಫ್ಯಾರನ್‌ಹೀಟ್ ಇದ್ದದ್ದು ಸೆಲ್ಸಿಯಸ್ ಆಗಿತ್ತು. ಮೂವತ್ತಾರು ಚಿಲ್ಲರೆ ಸೆಲ್ಸಿಯಸ್ ಅಂದರೆ ಆರೋಗ್ಯವಂತರ ಮೈಬಿಸಿ. ಗುಂಡಿ ಒತ್ತಿದೆ, ತೊಂಬತ್ತೆಂಟು ತೋರಿಸಿತು. ಆಕೆ ಥರ್ಮಾಮೀಟರಿಗೆ ಕೈ ಮುಗಿದು, ಕಂಬಳಿ ತೆಗೆದು, ಅಳುತ್ತಾ ನಗುತ್ತಾ ಉಪ್ಪಿಟ್ಟು ಮಾಡಲು ಒಳಗೆ ಹೋದರು.

ಒಂದೂವರೆ ಗಂಟೆಯ ನಂತರ ಅಣ್ಣ ಬಂದರು. ಬಸ್ ನಿಲ್ದಾಣದಿಂದ ಓಡಿಕೊಂಡೇ ಬಂದಿದ್ದರು. ಮುಖ ಬಿಳಿಚಿಕೊಂಡಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದರೆ, ತಮ್ಮ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಎರಡನೇ ತಟ್ಟೆ ಉಪ್ಪಿಟ್ಟು ತಿನ್ನುತ್ತಿದ್ದ. ಅಣ್ಣ ಅವನನ್ನು ನೋಡಿದರು, ನಮ್ಮನ್ನೆಲ್ಲ ನೋಡಿದರು, ಗಡಿಯಾರ ನೋಡಿದರು.

"ರಜಾ ಚೀಟೀಲಿ ತಮ್ಮ ಸೀರಿಯಸ್ ಅಂತ ಬರೆದು ಬಂದಿದೀನಿ," ಅಂದರು. "ಈಗ ಆಫೀಸಿಗೆ ಏನಂತ ಹೇಳ್ಲಿ?"

ಐದು ಪಾಯಿಂಟ್ ಹತ್ತು

ನನ್ನ ತಂಗಿಯ ಮಗಳು ಬೇಲೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಚುರುಕು ಹುಡುಗಿ, ಒಳ್ಳೆ ಕೆಲಸ. ಎತ್ತರ ಐದು ಅಡಿ ಒಂಬತ್ತು ಇಂಚು. ಆ ಎತ್ತರವೇ ತಂಗಿಗೆ ಚಿಂತೆಯಾಗಿತ್ತು. ನೋಡಲು ಬಂದ ಮೂರು ಮನೆಯವರು ಕಾಫಿ ಕುಡಿದು, ಕತ್ತೆತ್ತಿ ಹುಡುಗಿಯ ಮುಖ ನೋಡಿ, "ತಿಳಿಸ್ತೀವಿ" ಎಂದು ಹೋದವರು ತಿಳಿಸಿರಲಿಲ್ಲ. ಹುಡುಗಿ ಮೇಲ್ನೋಟಕ್ಕೆ ನಗುತ್ತಲೇ ಇದ್ದಳು. ಮೂರನೆಯವರು ಹೋದ ಮೇಲೆ ಮಾತ್ರ, "ಮಾವ, ಇನ್ಮೇಲೆ ಎತ್ತರ ಮೊದಲೇ ತಿಳ್ಕೊಂಡು ಕರೆಸಿ. ಸುಮ್ನೆ ಸೀರೆ ಉಡೋದು ಬಿಚ್ಚೋದು ನನಗೆ ಸಾಕಾಗಿದೆ," ಅಂದಳು.

ಹಾಗಾಗಿ ಜಾತಕದ ಜೊತೆ ಹೋಗುವ ವಿವರವನ್ನು ನಾನೇ ಕೂತು ಹೊಸದಾಗಿ ಬರೆದು, ಎತ್ತರ 5.9 ಎಂದು ಮೊದಲ ಸಾಲಿನಲ್ಲೇ ಹಾಕಿದೆ.

ಸ್ವಲ್ಪ ದಿನಕ್ಕೆ ಒಂದು ಸಂಬಂಧ ಬಂತು. ಹುಡುಗ ಪಶುವೈದ್ಯ. ಮಠಕ್ಕೆ ನಡೆದುಕೊಳ್ಳುವ ಮನೆತನ, ಕೊಬ್ಬರಿ ವ್ಯಾಪಾರ. ಹುಡುಗನ ವಿವರದಲ್ಲಿ ಎತ್ತರ 5.10 ಎಂದಿತ್ತು. ತಂಗಿ ಫೋನಿನಲ್ಲಿ ಅದನ್ನು ನನಗೆ ಎರಡೆರಡು ಸಲ ಓದಿದಳು.

"ಐದು ಅಡಿ ಹತ್ತು ಇಂಚು," ಅಂದೆ ನಾನು. "ನಮ್ಮ ಹುಡುಗಿಗಿಂತ ಸರಿಯಾಗಿ ಒಂದು ಇಂಚು ಜಾಸ್ತಿ. ಹೇಳಿ ಮಾಡಿಸಿದ ಹಾಗಿದೆ."

ಒಂದು ಭಾನುವಾರ ಅವರು ಬಂದರು. ತಂಗಿಯ ಮನೆ ಹಳೆಯದು, ಮುಂಬಾಗಿಲು ಗಿಡ್ಡ. ಬಂದ ಗಂಡಿಗೆ ಹಣೆ ಬಡಿದರೆ ಅಪಶಕುನ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ. ಮೊದಲು ಹುಡುಗನ ತಂದೆ ಬಂದರು, ಆಮೇಲೆ ಅಣ್ಣ ಬಂದರು. ಅಣ್ಣ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಅವರ ಹಿಂದೆ ಬಂದವರ ಮುಖವನ್ನು ಸರಿಯಾಗಿ ನೋಡುವ ಮೊದಲೇ ನನ್ನ ಬಾಯಿ ಓಡಿತು.

"ಬಾಗಿಲು ಸ್ವಲ್ಪ ಗಿಡ್ಡ. ತಲೆ ಜೋಪಾನ, ಬಗ್ಗಿ ಬನ್ನಿ."

ಎದುರಿಗಿದ್ದವನು ಹುಡುಗನೇ. ಬಾಗಿಲಿನ ಮೇಲಿನ ಪಟ್ಟಿಗೂ ಅವನ ತಲೆಗೂ ನಡುವೆ ಒಂದು ತೋರಣ ಕಟ್ಟಿ, ಅದರ ಕೆಳಗೆ ಇನ್ನೊಂದು ತೋರಣ ಕಟ್ಟಬಹುದಿತ್ತು. ಅವನು ಮೇಲೆ ಒಮ್ಮೆ ನೋಡಿದ.

"ಪರವಾಗಿಲ್ಲ ಸಾರ್. ನನ್ನ ಮಟ್ಟಿಗೆ ಇದು ಎತ್ತರದ ಬಾಗಿಲೇ," ಅಂದ.

ನಾನು ಅಲ್ಲೇ ಕರಗಿ ಹೋಗಿದ್ದರೆ ಚೆನ್ನಾಗಿತ್ತು. ಹಾಗಾಗಲಿಲ್ಲ. ಎಲ್ಲರೂ ಕೂತರು. ತಂಗಿ ಅಡುಗೆ ಮನೆಯಿಂದ ಇಣುಕಿ ನೋಡಿ, ನನ್ನ ಕಡೆ ತಿರುಗಿದಳು. ಹುಡುಗಿ ಕಾಫಿ ತಂದಳು. ಅವಳು ತಟ್ಟೆ ಹಿಡಿದು ನಿಂತಾಗ ಬಂದವರ ಕತ್ತೆಲ್ಲ ಒಟ್ಟಿಗೆ ಮೇಲೆದ್ದವು.

ಮೊದಲು ಮಾತಾಡಿದವಳು ಹುಡುಗಿಯೇ. ಹುಡುಗನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ನೇರವಾಗಿ ಕೇಳಿದಳು. "ಎತ್ತರ ಐದು ಪಾಯಿಂಟ್ ಹತ್ತು ಅಂತ ಬರೆದಿದ್ರಲ್ಲ?"

"ಬರೆದದ್ದು ನಮ್ಮಣ್ಣ. ಸುಳ್ಳಲ್ಲ," ಅಂದ ಹುಡುಗ.

ಗಣಿತದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ವಿವರಿಸಿದರು. ತಮ್ಮನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಕಂಪ್ಯೂಟರಿನಲ್ಲಿ ಅಡಿಗೆ ತಿರುಗಿಸಿದ್ದರಂತೆ. ಐದು ಅಡಿ, ಅದರ ಮೇಲೆ ಒಂದು ಅಡಿಯಲ್ಲಿ ಹತ್ತನೇ ಒಂದು ಭಾಗ. ಅಂದರೆ 5.1. ದಶಮಾಂಶದ ಮುಂದೆ ಎರಡು ಅಂಕಿ ಇದ್ದರೆ ಶಿಸ್ತು ಎಂದು ಕೊನೆಗೊಂದು ಸೊನ್ನೆ ಹಾಕಿದ್ದರು. "ಐದು ಅಡಿ ಒಂದು ಇಂಚು ಚಿಲ್ಲರೆ ಆಗುತ್ತೆ," ಅಂದರು. "ಇಂಚು ಅಂತ ನಾವು ಎಲ್ಲೂ ಹೇಳಿಲ್ಲ."

ಹೇಳಿಲ್ಲ, ನಿಜ. ಅಡಿ ಅಂತಲೂ ಹೇಳಿರಲಿಲ್ಲ.

ಹುಡುಗ ಹುಡುಗಿಯ ಕಡೆ ತಿರುಗಿದ. "ನಿಮ್ಮದು 5.9 ಅಂತಿತ್ತು. ಅಣ್ಣನ ಲೆಕ್ಕದಲ್ಲಿ ನೀವು ಐದು ಅಡಿ ಹನ್ನೊಂದು ಇಂಚು ಇರಬೇಕಿತ್ತು. ನಾನು ಅಷ್ಟಕ್ಕೆ ಒಪ್ಪಿಕೊಂಡೇ ಬಂದಿದ್ದೆ. ಬಂದು ನೋಡಿದ್ರೆ ಎರಡು ಇಂಚು ಕಮ್ಮಿ ಇದೀರ." ಸ್ವಲ್ಪ ಯೋಚಿಸಿ, "ನನ್ನದೇನೂ ತಕರಾರಿಲ್ಲ," ಅಂದ.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಅವಳು ಹಾಗೆ ಬಿದ್ದು ಬಿದ್ದು ನಕ್ಕದ್ದನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು:

"ನಮ್ಮ ಸ್ಕೂಲಲ್ಲಿ ಅಂಕಿ ಸರಿ ಇದ್ರೂ ಏಕಮಾನ ಬರೀದಿದ್ರೆ ಅರ್ಧ ಮಾರ್ಕ್ ಕಟ್ ಮಾಡ್ತೀನಿ."

"ನಿಮ್ಮ ವಿವರದಲ್ಲೂ ಏಕಮಾನ ಇರ್ಲಿಲ್ಲ," ಅಂದ ಹುಡುಗ. "ಇಬ್ಬರಿಗೂ ಅರ್ಧ ಹೋಯ್ತು, ಇಬ್ಬರಿಗೂ ಅರ್ಧ ಉಳೀತು. ಉಳಿದದ್ದನ್ನ ಕೂಡಿಸಿದ್ರೆ ಒಂದಾಗುತ್ತೆ."

ಗಣಿತದ ಮೇಷ್ಟ್ರು ಲೆಕ್ಕ ಸರಿ ಇದೆ ಎಂಬಂತೆ ತಲೆಯಾಡಿಸಿದರು. ಹುಡುಗಿ ಆರಿಹೋಗಿದ್ದ ಅವನ ಕಾಫಿಯನ್ನು ಎತ್ತಿಕೊಂಡು ಬಿಸಿ ಮಾಡಿ ತರಲು ಒಳಗೆ ಹೊರಟಳು. ಮೊದಲು ಬಂದ ಮೂರು ಜನರಲ್ಲಿ ಯಾರಿಗೂ ಅವಳು ಎರಡನೇ ಸಲ ಕಾಫಿ ಕೊಟ್ಟಿರಲಿಲ್ಲ.

ಅಡುಗೆ ಮನೆಯ ಬಾಗಿಲಲ್ಲಿ ತಂಗಿ ಸೆರಗು ಹಿಂಡುತ್ತಾ ನಿಂತಿದ್ದಳು. "ಏನಂತೆ?" ಎಂದು ನನ್ನನ್ನು ಕಣ್ಣಲ್ಲೇ ಕೇಳಿದಳು.

"ಹುಡುಗ ಪಾಸು," ಅಂದೆ ಮೆಲ್ಲಗೆ.

ಲೋಟ ಹಿಡಿದು ಹೋಗುತ್ತಿದ್ದ ಹುಡುಗಿ ನಿಂತಳು. "ಹೌದು," ಅಂದಳು. "ಆದ್ರೆ ನನ್ನ ವಿವರ ಬರೆದೋರು ನೀವಲ್ವಾ ಮಾವ? ನಿಮ್ಮ ಪೇಪರ್ ಇನ್ನೂ ತಿದ್ದಿಲ್ಲ."